ಹೆಬ್ಬೆರಳಿನ ದುಡಿಮೆ

ಗಿಟಾರ್ ವಾದಕ ವೆಸ್ ಮಾಂಟ್ಗೊಮರಿಯನ್ನು ಜಾಝ್ ವಿಮರ್ಶಕರು ಎರಡು ಭಾಗ ಮಾಡಿ ಇಟ್ಟಿದ್ದಾರೆ. ಅರವತ್ತರ ದಶಕದ ಮೊದಲರ್ಧದ ವೆಸ್ ದೊಡ್ಡ ಕಲಾವಿದ. ಆಮೇಲಿನವನು ದುಡ್ಡಿಗೆ ತನ್ನನ್ನು ಮಾರಿಕೊಂಡವನು. ಈ ತೀರ್ಪು ಎಷ್ಟು ಸಲ ಕಿವಿಗೆ ಬಿದ್ದಿದೆ ಅಂದ್ರೆ, ಆ ಕೊನೆಯ ರೆಕಾರ್ಡುಗಳನ್ನು ಕೇಳದವರೂ ಅದನ್ನೇ ಹೇಳ್ತಾರೆ. ನಾನು ಎರಡೂ ಕಾಲದ ರೆಕಾರ್ಡುಗಳನ್ನು ಕೇಳಿದ್ದೇನೆ. ತೀರ್ಪು ಅರ್ಧ ಸರಿ. ಆದರೆ ತಪ್ಪಾಗಿರುವ ಅರ್ಧ ಅನ್ಯಾಯದ್ದು.

ಮೊದಲು ಮನುಷ್ಯನ ಕಥೆ. 1923ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದವನು. ಗಿಟಾರನ್ನು ಗಂಭೀರವಾಗಿ ಹಿಡಿದಿದ್ದು ಇಪ್ಪತ್ತರ ಆಸುಪಾಸಿನಲ್ಲಿ, ಚಾರ್ಲಿ ಕ್ರಿಶ್ಚಿಯನ್‌ನ ರೆಕಾರ್ಡು ಕೇಳಿದ ಮೇಲೆ. ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಆ ಸೋಲೋಗಳನ್ನೆಲ್ಲ ಕಿವಿಯಿಂದಲೇ ಕಲಿತ. ಸದ್ದು ಜಾಸ್ತಿಯಾಯ್ತು ಅಂತ ದೂರು ಬಂದಾಗ ಪಿಕ್ ಬಿಟ್ಟು ಹೆಬ್ಬೆರಳಲ್ಲಿ ನುಡಿಸಲು ಶುರು ಮಾಡಿದ ಅಂತಾರೆ. ಲಯನೆಲ್ ಹ್ಯಾಂಪ್ಟನ್‌ನ ಬ್ಯಾಂಡಿನಲ್ಲಿ 1948ರಿಂದ ಸುಮಾರು ಎರಡು ವರ್ಷ ಊರೂರು ಸುತ್ತಿ, ಮನೆಗೆ ವಾಪಸ್ ಬಂದ. ದೊಡ್ಡ ಸಂಸಾರ. ಹಗಲು ಫ್ಯಾಕ್ಟರಿ ಕೆಲಸ, ಸಂಜೆ ಒಂದು ಬಾರ್, ನಡುರಾತ್ರಿ ಕಳೆದ ಮೇಲೆ ಮಿಸೈಲ್ ರೂಮ್ ಅನ್ನೋ ಇನ್ನೊಂದು ಕ್ಲಬ್. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಬಯಲಾಟದಲ್ಲಿ ಭೀಮನಾಗುತ್ತಿದ್ದವರನ್ನು ನೋಡಿ ಬೆಳೆದವನು ನಾನು. ಹಾಗಾಗಿ ಈ ದಿನಚರಿಯಲ್ಲಿ ನನಗೆ ರೊಮ್ಯಾನ್ಸ್ ಕಾಣೋದಿಲ್ಲ, ಕಳೆದುಹೋದ ನಿದ್ದೆ ಕಾಣುತ್ತೆ.

1959ರಲ್ಲಿ ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ ಮಿಸೈಲ್ ರೂಮಿನಲ್ಲಿ ಇವನನ್ನು ಕೇಳಿ, ರಿವರ್‌ಸೈಡ್ ಕಂಪನಿಗೆ ಹೇಳಿದ. ಮರುವರ್ಷ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್' ಬಂತು. ವೆಸ್‌ಗೆ ಆಗಲೇ 37ರ ಹತ್ತಿರ. ಅವನೇ ಕಟ್ಟಿದ 'ಫೋರ್ ಆನ್ ಸಿಕ್ಸ್', 'ವೆಸ್ಟ್ ಕೋಸ್ಟ್ ಬ್ಲೂಸ್' ಎರಡೂ ಅದರಲ್ಲಿವೆ.

ಅವನ ಸೋಲೋದ ಕಟ್ಟಡ ಸರಳ. ಮೊದಲು ಒಂದೊಂದೇ ಸ್ವರ, ಮಾತಾಡಿದ ಹಾಗೆ. ಆಮೇಲೆ ಆಕ್ಟೇವ್: ಮಂದ್ರದ ಸ್ವರ ಮತ್ತು ಅದರದೇ ಮೇಲಿನ ಸ್ವರ ಒಟ್ಟಿಗೆ, ನಡುವಿನ ತಂತಿಯನ್ನು ಎಡಗೈ ಬೆರಳಲ್ಲೇ ಮೂಕ ಮಾಡಿ. ಕೊನೆಗೆ ಅದೇ ವೇಗದಲ್ಲಿ ಪೂರ್ತಿ ಕಾರ್ಡುಗಳು. ವಿಲಂಬಿತದಿಂದ ದ್ರುತಕ್ಕೆ ಏರುವ ಹಿಂದೂಸ್ತಾನಿ ಕಛೇರಿ ಕೇಳಿದವರಿಗೆ ಈ ಏರುವಿಕೆಯ ಸುಖ ಗೊತ್ತು. ಇಲ್ಲಿ ಲಯ ಅಲ್ಲೇ ಇರುತ್ತೆ, ದಪ್ಪವಾಗುತ್ತಾ ಹೋಗೋದು ನಾದ. 1965ರ 'ಸ್ಮೋಕಿನ್ ಅಟ್ ದಿ ಹಾಫ್ ನೋಟ್'ನಲ್ಲಿ ವಿಂಟನ್ ಕೆಲಿ ಟ್ರಿಯೋ ಜೊತೆಗಿನ 'ನೋ ಬ್ಲೂಸ್' ಸುಮಾರು ಹದಿಮೂರು ನಿಮಿಷ ಇದೆ. ಮೂರೂ ಮಹಡಿ ಹತ್ತಲು ಅಷ್ಟು ಹೊತ್ತು ಬೇಕು.

ಈಗ 1967ರ 'ಎ ಡೇ ಇನ್ ದಿ ಲೈಫ್'ಗೆ ಬನ್ನಿ. ನಿರ್ಮಾಪಕ ಕ್ರೀಡ್ ಟೇಲರ್, ವಾದ್ಯವೃಂದ ಸಂಯೋಜಿಸಿದ್ದು ಡಾನ್ ಸೆಬೆಸ್ಕಿ, ಹಾಡುಗಳು ಬೀಟಲ್ಸ್ ಮುಂತಾದವರ ಹಿಟ್‌ಗಳು. ಭರ್ಜರಿ ಮಾರಾಟವಾಯ್ತು. ಅದರಲ್ಲಿನ 'ವಿಂಡಿ' ಮೂರು ನಿಮಿಷವೂ ಇಲ್ಲ. ವೆಸ್ ರಾಗವನ್ನು ಆಕ್ಟೇವ್‌ನಲ್ಲಿ ನುಡಿಸುತ್ತಾನೆ, ಪಿಟೀಲುಗಳು ಸುತ್ತುವರೀತವೆ, ಹಾಡು ಮುಗೀತು. ಎರಡನೇ ಮಹಡಿಯಲ್ಲೇ ಮನೆ ಮಾಡಿ ಕೂರಿಸಿಬಿಟ್ಟಿದ್ದಾರೆ. ಕೆಳಗಿನಿಂದ ಹತ್ತಿ ಬಂದಿಲ್ಲ, ಮೇಲೆ ಹೋಗುವ ದಾರಿಯೂ ಇಲ್ಲ. ಇದು ನಿಜವಾದ ನಷ್ಟ, ವಿಮರ್ಶಕರು ಇಷ್ಟನ್ನು ಸರಿಯಾಗೇ ಹಿಡಿದಿದ್ದಾರೆ.

ಆದರೆ ಆ ನಷ್ಟ ರೆಕಾರ್ಡಿನದ್ದು. ಅದನ್ನು ಮನುಷ್ಯನ ಚಾರಿತ್ರ್ಯದ ಖಾತೆಗೆ ಬರೆದಿದ್ದು ಅನ್ಯಾಯ. ಅದೇ 'ವಿಂಡಿ'ಯಲ್ಲಿ ಬರೀ ಹೆಬ್ಬೆರಳನ್ನು ಕೇಳಿ: ಆ ಮೃದು ಪೆಟ್ಟು, ತಾಳಕ್ಕಿಂತ ಕೂದಲೆಳೆ ಹಿಂದೆ ಕೂರುವ ಆ ನಿಧಾನ ಎಲ್ಲೂ ಕೆಟ್ಟಿಲ್ಲ. ಮೈಗಳ್ಳತನ ಮಾಡಿದವನ ಕೈಯಲ್ಲಿ ಅದು ಉಳಿಯೋದಿಲ್ಲ. ಅದೂ ಅಲ್ಲದೆ, ಈ ರೆಕಾರ್ಡುಗಳು ಅಂಗಡಿಯಲ್ಲಿ ಓಡುತ್ತಿದ್ದಾಗಲೂ ವೇದಿಕೆಯಲ್ಲಿ ಅವನ ಜೊತೆ ಪಿಟೀಲುಗಳಿರಲಿಲ್ಲ. ಸೋದರರಾದ ಬಡ್ಡಿ, ಮಾಂಕ್ ಸೇರಿದ ಸಣ್ಣ ತಂಡ ಕಟ್ಟಿಕೊಂಡು ಜಾಝ್ ನುಡಿಸುತ್ತಲೇ ಇದ್ದ.

'ಮಾರಿಕೊಂಡ' ಅನ್ನೋ ಪದ ಯಾರ ಬಾಯಿಂದ ಬರುತ್ತೆ ಅಂತಲೂ ನೋಡಬೇಕು. ತಿಂಗಳ ಕೊನೆಗೆ ಸಂಬಳ ತಪ್ಪದೆ ಬರುವ ನಮ್ಮಂಥವರು, ಕಲಾವಿದ ಮಾತ್ರ ಬಡವನಾಗಿದ್ದು ಪರಿಶುದ್ಧವಾಗಿರಲಿ ಅಂತ ಬಯಸೋದು ಬಲು ಸುಲಭ. ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಾಗ ಅವನ ಸಂಗೀತ ಶುದ್ಧ, ಸಂಗೀತದಿಂದಲೇ ಮನೆ ನಡೆಸಿದ ಕೂಡಲೇ ಮೈಲಿಗೆ ಅಂದ್ರೆ ಯಾವ ನ್ಯಾಯ ಸ್ವಾಮಿ?

1968ರ ಜೂನ್ 15ರಂದು ಇಂಡಿಯಾನಾಪೊಲಿಸ್‌ನಲ್ಲೇ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 45. ಕ್ಯಾನನ್‌ಬಾಲ್ ಕೇಳಿ ಹೋಗಿ ಒಂಬತ್ತು ವರ್ಷವಾಗಿತ್ತು ಅಷ್ಟೆ. ಆ ಒಂಬತ್ತರಲ್ಲಿ ಜೇಬು ತುಂಬಿದ್ದು ಕೊನೆಯ ಎರಡು ಮೂರು ವರ್ಷ.

ಹೊಸದಾಗಿ ಕೇಳುವವರು 'ನೋ ಬ್ಲೂಸ್'ನಿಂದ ಶುರು ಮಾಡಿ. ಮರುದಿನ 'ವಿಂಡಿ' ಹಾಕಿ. ಎರಡನೆಯದು ಚಿಕ್ಕದು ಅನ್ನಿಸುತ್ತೆ, ಅನ್ನಿಸಲಿ. ನುಡಿಸುತ್ತಿರೋದು ಅದೇ ಹೆಬ್ಬೆರಳು.