ಕಾನೂನು ಶಾಲೆಯ ಬಾಗಿಲಲ್ಲಿ ಕನ್ನಡದ ಮಕ್ಕಳು

ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಮುಂದೆ ಮುಖ್ಯಮಂತ್ರಿಯೂ ಉಪರಾಷ್ಟ್ರಪತಿಯೂ ಆದರು. ಅದೇ ಊರಿನ ಕನ್ನಡ ಶಾಲೆಯಲ್ಲಿ ಕಲಿತ ಹುಡುಗಿಯೊಬ್ಬಳು ಇಂದು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಸೇರಬೇಕೆಂದರೆ ಅವಳ ದಾರಿ ಎಂಥದ್ದು?

2008ರಿಂದ ನಡೆಯುತ್ತಿರುವ ಕ್ಲಾಟ್ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೊಮ್ಮೆ ನಾವು ತೆರೆದು ನೋಡೋಣ. ಎರಡು ಗಂಟೆ, 120 ಪ್ರಶ್ನೆ. ಪ್ರಶ್ನೆಗಳಿಗೆ ಮೊದಲು ಉದ್ದುದ್ದದ ಇಂಗ್ಲಿಷ್ ಗದ್ಯಭಾಗಗಳು. ಕಾನೂನಿನ ಪೂರ್ವಜ್ಞಾನ ಬೇಡ, ತರ್ಕಶಕ್ತಿ ಸಾಕು ಎನ್ನುತ್ತಾರೆ. ಕೃಷ್ಣಾ ತೀರದಲ್ಲಿ ಮುಳುಗಡೆ ಭೂಮಿಯ ಪರಿಹಾರಕ್ಕಾಗಿ ಕೋರ್ಟಿಗೆ ಅಲೆದ ಮನೆಗಳು ಬೇಕಾದಷ್ಟಿವೆ. ಸ್ವಾಧೀನ, ನೋಟಿಸು, ಪರಿಹಾರ ಎಂದರೇನೆಂದು ಆ ಮನೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನೇ ಇಂಗ್ಲಿಷ್‌ನಲ್ಲಿ, ನಿಮಿಷಕ್ಕೊಂದು ಪ್ರಶ್ನೆಯಂತೆ ಕೇಳಿದಾಗ ಸೋಲುವುದು ಅವರ ತರ್ಕವಲ್ಲ, ಓದಿನ ವೇಗ.

ಹೈಕೋರ್ಟಿನ ಭಾಷೆ ಇಂಗ್ಲಿಷಲ್ಲವೇ ಎಂಬ ಉತ್ತರ ಸಿದ್ಧವಾಗಿದೆ. ನಿಜ. ಆದರೆ ಅದನ್ನು ಕಲಿಸಲು ಐದು ವರ್ಷಗಳ ಕೋರ್ಸ್ ಇದೆಯಲ್ಲ! ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದಾಗಿದೆ. ಕನ್ನಡದಲ್ಲಿ ಪರೀಕ್ಷೆ ಬರೆದವನು ಡಾಕ್ಟರಾಗಬಹುದು, ವಕೀಲನಾಗಬಾರದೇ?

ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟು ಮೀಸಲಿಡುವ ಕಾನೂನನ್ನು 2020ರಲ್ಲಿ ಹೈಕೋರ್ಟ್ ರದ್ದುಗೊಳಿಸಿತು. ಬಳಿಕ ಸಂಸ್ಥೆಯೇ ಅಷ್ಟು ಪಾಲನ್ನು ಇಟ್ಟಿತು, ಸ್ವಾಗತಾರ್ಹ. ಆದರೆ ಷರತ್ತು ರಾಜ್ಯದಲ್ಲಿ ಹತ್ತು ವರ್ಷದ ಓದು ಮಾತ್ರ. ಬೆಂಗಳೂರಿನ ದುಬಾರಿ ಶಾಲೆಗೂ ಸಾವಳಗಿಯ ಸರಕಾರಿ ಶಾಲೆಗೂ ಅದು ಭೇದವೆಣಿಸುವುದಿಲ್ಲ. ಪಾಲು ಯಾರ ಕೈ ಸೇರುತ್ತದೆಂದು ಊಹಿಸಲು ಕ್ಲಾಟ್ ಪಾಸಾಗಬೇಕಿಲ್ಲ.

ಈ ಅನ್ಯಾಯವನ್ನು ಒಳಗಿನಿಂದಲೇ ಕಂಡವರು ಅದೇ ಶಾಲೆಯಲ್ಲಿ ಓದಿದ ಶಮ್ನಾದ್ ಬಶೀರ್. 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಕಟ್ಟಿ ಬಡ ಮಕ್ಕಳಿಗೆ ತರಬೇತಿ ಕೊಡಿಸಿದರು. 2015ರಲ್ಲಿ ಕ್ಲಾಟ್‌ನ ಲೋಪಗಳ ವಿರುದ್ಧ ಸುಪ್ರೀಂ ಕೋರ್ಟಿಗೂ ಹೋದರು. 2019ರಲ್ಲಿ ಅವರು ತೀರಿಕೊಂಡರು.

ಅರ್ಜಿಯದ್ದು ಬೇರೆಯೇ ಕಥೆ. ಸಾಮಾನ್ಯ ವರ್ಗಕ್ಕೆ ನಾಲ್ಕು ಸಾವಿರ ರೂಪಾಯಿ ಶುಲ್ಕ. 2022ರಿಂದ ಪರೀಕ್ಷೆ ಡಿಸೆಂಬರ್‌ಗೆ ಸರಿದಿದೆ. 'ಪಿಯುಸಿ ರಿಸಲ್ಟ್ ಬರಲಿ, ಆಮೇಲೆ ನೋಡೋಣ' ಎನ್ನುವ ಮನೆಗಳಿಗೆ ಸುದ್ದಿ ತಲಪುವಾಗ ಬಾಗಿಲು ಮುಚ್ಚಿ ತಿಂಗಳುಗಳೇ ಕಳೆದಿರುತ್ತವೆ. ಆಗ ಉಳಿಯುವುದು ಬಾಗಲಕೋಟೆ, ವಿಜಯಪುರದ ಕಾನೂನು ಕಾಲೇಜುಗಳು. ಅಲ್ಲಿ ಕ್ಲಾಟ್ ಕೇಳುವುದಿಲ್ಲ. ಜಮಖಂಡಿಯ ಕೋರ್ಟಿನಲ್ಲಿ ಕನ್ನಡದ ಸಾಕ್ಷಿಯನ್ನು ಕನ್ನಡದಲ್ಲೇ ಪಾಟೀಸವಾಲು ಮಾಡುವವರು ಹೆಚ್ಚಾಗಿ ಇಂಥ ಕಾಲೇಜುಗಳಿಂದ ಬಂದವರೇ.