ಸುನ್ ತ್ಸುವಿನ ಯುದ್ಧಶಾಸ್ತ್ರ: ವ್ಯಾಸಂಗ ಮತ್ತು ವಿನಿಯೋಗ

ಪ್ರಾಚೀನ ಚೀನಾದೇಶದ ಗ್ರಂಥಗಳಲ್ಲಿ ಸುನ್ ತ್ಸುವಿನ ಹೆಸರಿನಲ್ಲಿ ಬಂದಿರುವ ಯುದ್ಧಶಾಸ್ತ್ರದಷ್ಟು ಲೋಕಪ್ರಚಾರವನ್ನು ಪಡೆದವು ವಿರಳ. ಹದಿಮೂರು ಅಧ್ಯಾಯಗಳ ಈ ಕಿರುಹೊತ್ತಗೆಯನ್ನು ಇಂದು ಸೈನ್ಯಾಧಿಕಾರಿಗಳು ಮಾತ್ರವಲ್ಲದೆ ವ್ಯಾಪಾರ, ಆಡಳಿತ, ಕ್ರೀಡೆ ಮೊದಲಾದ ಕ್ಷೇತ್ರಗಳವರೂ ಓದುತ್ತಿದ್ದಾರೆ. ಆದರೆ ಓದುವವರು ಹೆಚ್ಚಿದಂತೆ ಓದುವ ಕ್ರಮ ಸಡಿಲವಾಗಿದೆ. ಗ್ರಂಥದಿಂದ ಬಿಡಿಮಾತುಗಳನ್ನು ಕಿತ್ತು, ಅವನ್ನು ಎಲ್ಲ ಕಾಲಕ್ಕೂ ಎಲ್ಲ ಕೆಲಸಕ್ಕೂ ಒಪ್ಪುವ ಸೂತ್ರಗಳೆಂದು ಬೋಧಿಸುವ ವಾಡಿಕೆ ಬೆಳೆದಿದೆ. ಇದರಿಂದ ಗ್ರಂಥಕ್ಕೂ ಅದನ್ನು ನಂಬಿ ನಡೆಯುವವರಿಗೂ ಹಾನಿಯುಂಟೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಮೊದಲು ಗ್ರಂಥದ ಕಾಲವನ್ನು ಕುರಿತು ಒಂದು ಮಾತು. ಕ್ರಿ. ಪೂ. ೧೦೦ರ ಸುಮಾರಿನಲ್ಲಿ ಇತಿಹಾಸವನ್ನು ಬರೆದ ಸಿಮಾ ಚಿಯೆನ್, ಸುನ್ ವೂ ಎಂಬಾತನು ವೂ ರಾಜ್ಯದ ದೊರೆಗೆ ಹದಿಮೂರು ಅಧ್ಯಾಯಗಳನ್ನು ಒಪ್ಪಿಸಿದನೆಂದೂ, ನೂರಕ್ಕೂ ಹೆಚ್ಚು ವರ್ಷಗಳ ತರುವಾಯ ಅದೇ ವಂಶದಲ್ಲಿ ಸುನ್ ಪಿನ್ ಎಂಬ ಮತ್ತೊಬ್ಬ ಯುದ್ಧಪಂಡಿತನು ಹುಟ್ಟಿದನೆಂದೂ ಹೇಳುತ್ತಾನೆ. ಇವರಿಬ್ಬರೂ ಒಬ್ಬನೇ ಇರಬಹುದೆಂಬ ಶಂಕೆ ಬಹುಕಾಲವಿದ್ದಿತು. ೧೯೭೨ರಲ್ಲಿ ಷಾಂದುಂಗ್ ಪ್ರಾಂತದ ಯಿನ್‌ಚುಯೆಷಾನ್ ಎಂಬಲ್ಲಿ ಹಾನ್ ಕಾಲದ ಗೋರಿಗಳಿಂದ ಹೊರತೆಗೆದ ಬಿದಿರುಪಟ್ಟಿಗಳಲ್ಲಿ ಇಬ್ಬರ ಬರಹಗಳೂ ಬೇರೆಬೇರೆಯಾಗಿ ದೊರೆತು, ಗ್ರಂಥಗಳು ಎರಡೆಂಬುದು ಸ್ಥಿರಪಟ್ಟಿತು. ಆದರೂ ಹದಿಮೂರು ಅಧ್ಯಾಯಗಳು ರೂಪುಗೊಂಡುದು ಸುನ್ ವೂವಿನ ಕಾಲದಲ್ಲಲ್ಲ, ಅನಂತರದ ‘ಕಾದಾಡುವ ರಾಜ್ಯಗಳ ಕಾಲ’ದಲ್ಲಿ ಎಂಬುದು ಅನೇಕ ವಿದ್ವಾಂಸರ ಮತ. ರಾಜ್ಯವು ರಾಜ್ಯವನ್ನು ನುಂಗುತ್ತಿದ್ದ, ಸೋತ ಅರಸುಮನೆತನಗಳು ಹೇಳಹೆಸರಿಲ್ಲದೆ ಅಳಿಯುತ್ತಿದ್ದ ಯುಗವದು. ಗ್ರಂಥದ ಉಪದೇಶಗಳ ಹಿಂದೆ ಈ ಭಯವಿದೆಯೆಂಬುದನ್ನು ಓದುಗನು ಮರೆಯಲಾಗದು.

ಮರೆತರೆ ಏನಾಗುತ್ತದೆಂಬುದಕ್ಕೆ ಗ್ರಂಥದ ಅತ್ಯಂತ ಪ್ರಸಿದ್ಧವಾದ ಮಾತೇ ನಿದರ್ಶನ. ತನ್ನನ್ನೂ ಶತ್ರುವನ್ನೂ ಅರಿತವನು ನೂರು ಕಾಳಗಗಳಲ್ಲಿಯೂ ಗೆಲ್ಲುವನು ಎಂದು ಜನ ಅದನ್ನು ಉದ್ಧರಿಸುವುದುಂಟು. ಮೂರನೆಯ ಅಧ್ಯಾಯದಲ್ಲಿರುವುದು ಹಾಗಲ್ಲ. ಅಂಥವನು ಅಪಾಯಕ್ಕೆ ಸಿಲುಕುವುದಿಲ್ಲ ಎಂದಷ್ಟೇ ಅಲ್ಲಿ ಹೇಳಿದೆ. ಗೆಲುವಿಗೂ ಅಪಾಯವಿಲ್ಲದಿರುವಿಕೆಗೂ ಬಹಳ ಅಂತರವುಂಟು. ತನ್ನನ್ನು ಸೋಲಿಸಲಾಗದಂತೆ ಮಾಡಿಕೊಳ್ಳುವುದು ತನ್ನ ಕೈಯಲ್ಲಿದೆ. ಶತ್ರು ಸೋಲುವಂತಾಗುವುದು ಶತ್ರುವಿನ ಕೈಯಲ್ಲಿದೆ. ಆದುದರಿಂದ ಜಯವನ್ನು ಮುಂಗಾಣಬಹುದಲ್ಲದೆ ಬಲಾತ್ಕಾರದಿಂದ ತರಲಾಗದೆಂದು ನಾಲ್ಕನೆಯ ಅಧ್ಯಾಯವು ಇದನ್ನೇ ವಿಸ್ತರಿಸುತ್ತದೆ. ಎಚ್ಚರವನ್ನು ಬೋಧಿಸುವ ಗ್ರಂಥವನ್ನು ನಾವು ಗೆಲುವಿನ ಕೈಪಿಡಿಯನ್ನಾಗಿ ಮಾಡಿಕೊಂಡಿದ್ದೇವೆ.

ಯುದ್ಧದ ಲೆಕ್ಕಾಚಾರವೂ ಈ ಎಚ್ಚರದ ಅಂಗವೇ. ಒಂದು ಲಕ್ಷ ಯೋಧರ ದಂಡನ್ನು ಹೊರಡಿಸಲು ದಿನವೊಂದಕ್ಕೆ ಸಾವಿರ ಹೊನ್ನು ಬೇಕೆಂದು ಎರಡನೆಯ ಅಧ್ಯಾಯ ತಿಳಿಸುತ್ತದೆ. ಏಳು ಲಕ್ಷ ಮನೆತನಗಳ ಬೇಸಾಯ ಕೆಡುತ್ತದೆಂದು ಕೊನೆಯ ಅಧ್ಯಾಯ ಸೇರಿಸುತ್ತದೆ. ಕೋಟೆಗೆ ಮುತ್ತಿಗೆ ಹಾಕುವುದು ಎಲ್ಲಕ್ಕಿಂತ ಕೀಳಾದ ಉಪಾಯ. ಅದರ ಸನ್ನಾಹಕ್ಕೆ ತಿಂಗಳುಗಳು ಬೇಕು. ತಾಳ್ಮೆಗೆಟ್ಟ ಸೇನಾಪತಿ ಯೋಧರನ್ನು ಇರುವೆಗಳಂತೆ ಗೋಡೆ ಹತ್ತಿಸಿದರೆ ಮೂರರಲ್ಲೊಂದು ಪಾಲು ಮಡಿದರೂ ಕೋಟೆ ಕೈಸೇರದಿರಬಹುದು. ದೊರೆಯು ಕೋಪದಿಂದ ದಂಡೆತ್ತಲಾಗದು. ಕೋಪ ಮುಂದೆ ಸಂತೋಷವಾಗಿ ತಿರುಗಬಹುದು, ಆದರೆ ಅಳಿದ ರಾಜ್ಯ ಮರಳಿ ನಿಲ್ಲದು, ಸತ್ತವರು ಏಳರು ಎಂಬುದು ಹನ್ನೆರಡನೆಯ ಅಧ್ಯಾಯದ ಅಭಿಪ್ರಾಯ. ನಮ್ಮ ಅರ್ಥಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸದಲ್ಲ. ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಆ ಗ್ರಂಥದಲ್ಲಿ ಕೌಟಿಲ್ಯನು, ಸಂಧಿಯಿಂದಲೂ ವಿಗ್ರಹದಿಂದಲೂ ಸಮಾನವಾದ ಲಾಭವಿದ್ದಲ್ಲಿ ಸಂಧಿಯನ್ನೇ ಆಯಬೇಕೆನ್ನುತ್ತಾನೆ. ಯುದ್ಧದಲ್ಲಿ ಜನಕ್ಷಯವೂ ದ್ರವ್ಯವ್ಯಯವೂ ತಪ್ಪವೆಂಬುದೇ ಕಾರಣ. ಸಂಬಂಧವಿಲ್ಲದ ಎರಡು ನಾಡುಗಳ ಶಾಸ್ತ್ರಕಾರರು ವೆಚ್ಚದ ವಿಷಯದಲ್ಲಿ ಒಂದೇ ನಿರ್ಣಯಕ್ಕೆ ಬಂದಿರುವುದು ಗಮನಾರ್ಹ.

ಇನ್ನು ವಿನಿಯೋಗದ ಪ್ರಶ್ನೆ. ಇದಕ್ಕೆ ಚೀನಾದ ಇತಿಹಾಸವೇ ಎರಡು ಉದಾಹರಣೆಗಳನ್ನು ಒದಗಿಸುತ್ತದೆ. ಎರಡನ್ನೂ ಸಿಮಾ ಚಿಯೆನ್ ವರ್ಣಿಸಿದ್ದಾನೆ.

ಚಾವ್ ರಾಜ್ಯದ ಚಾವ್ ಕುವೊ ಎಂಬಾತನು ಹೆಸರಾಂತ ಸೇನಾನಿಯ ಮಗ. ಯುದ್ಧಗ್ರಂಥಗಳು ಆತನಿಗೆ ಕಂಠಪಾಠವಾಗಿದ್ದುವು. ವಾದದಲ್ಲಿ ತಂದೆಯೂ ಅವನನ್ನು ಸೋಲಿಸಲಾರದಾಗಿದ್ದನು. ಆದರೂ ಸಾವಿನ ನೆಲವಾದ ಯುದ್ಧವನ್ನು ಮಗನು ಹಗುರವಾಗಿ ಆಡುತ್ತಾನೆಂದು ತಂದೆ ಕಳವಳಪಟ್ಟಿದ್ದನು. ದೊರೆಯು ಅವನನ್ನು ಸೇನಾಪತಿಯಾಗಿ ನೇಮಿಸಹೊರಟಾಗ ಮಂತ್ರಿ ಲಿನ್ ಷಿಯಾಂಗ್‌ರು, ತಂತಿವಾದ್ಯದ ಕುದುರೆಗಳನ್ನು ಅಂಟಿಸಿಬಿಟ್ಟು ನುಡಿಸುವವನಿಗೆ ಅವನನ್ನು ಹೋಲಿಸಿ ಎಚ್ಚರಿಸಿದನು; ಹೆತ್ತ ತಾಯಿಯೇ ಬೇಡವೆಂದು ಬಿನ್ನವಿಸಿದಳು. ದೊರೆ ಕೇಳಲಿಲ್ಲ. ಕ್ರಿ. ಪೂ. ೨೬೦ರಲ್ಲಿ ಚಾಂಗ್‌ಪಿಂಗ್ ಎಂಬಲ್ಲಿ ಚಾವ್ ಕುವೊ, ಹಿಂದಿನ ಸೇನಾಪತಿ ಹಿಡಿದಿದ್ದ ರಕ್ಷಣೆಯ ಕ್ರಮವನ್ನು ಬಿಟ್ಟು ಮುನ್ನುಗ್ಗಿದನು. ಛಿನ್ ಸೈನ್ಯವು ಅವನ ಆಹಾರದ ದಾರಿಯನ್ನು ಕಡಿಯಿತು. ನಲವತ್ತಾರು ದಿನಗಳ ಉಪವಾಸದ ಕೊನೆಯಲ್ಲಿ ಅವನು ಬಾಣಕ್ಕೆ ತುತ್ತಾದನು; ಅವನ ದಂಡು ನಾಶವಾಯಿತು.

ಎರಡನೆಯದು ಹಾನ್ ಷಿನ್ನನ ಕಥೆ. ಕ್ರಿ. ಪೂ. ೨೦೪ರಲ್ಲಿ ಜಿಂಗ್‌ಷಿಂಗ್ ಕಣಿವೆಯ ಬಳಿ ಈತನು ತನ್ನ ಸೈನ್ಯವನ್ನು ನದಿಗೆ ಬೆನ್ನುಮಾಡಿ ನಿಲ್ಲಿಸಿ ಗೆದ್ದನು. ನೀರು ಮುಂದಿರಬೇಕು, ಬೆಟ್ಟ ಹಿಂದಿರಬೇಕು ಎಂಬುದು ಶಾಸ್ತ್ರವಲ್ಲವೆ ಎಂದು ಅವನ ಅಧಿಕಾರಿಗಳು ಆಮೇಲೆ ಕೇಳಿದರು. ಯೋಧರನ್ನು ಸಾವಿನ ನೆಲದಲ್ಲಿ ನಿಲ್ಲಿಸಿದರೆ ಬದುಕುವರೆಂಬುದೂ ಶಾಸ್ತ್ರದಲ್ಲಿಯೇ ಇದೆ, ನೀವು ಅದನ್ನು ಗಮನಿಸಲಿಲ್ಲವೆಂದು ಅವನು ಉತ್ತರಿಸಿದನು. ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಸೂತ್ರವಾಗಿಬಿಡುತ್ತದೆ. ಆದರೆ ಅವನು ತನ್ನ ಆಯ್ಕೆಗೆ ಕಾರಣವನ್ನೂ ಕೊಟ್ಟನು: ತನ್ನವರು ಪಳಗಿದ ಯೋಧರಲ್ಲ, ಸಂತೆಯಿಂದ ಹಿಡಿತಂದ ಜನರಂತಿದ್ದರು, ಓಡಲು ದಾರಿಯಿದ್ದರೆ ಓಡಿಬಿಡುತ್ತಿದ್ದರು. ಮೇಲಾಗಿ ಅವನು ಮುಂಚಿತವಾಗಿಯೇ ಎರಡು ಸಾವಿರ ಕುದುರೆ ಸವಾರರನ್ನು ಕೆಂಪು ಬಾವುಟಗಳೊಡನೆ ಮರೆಯಲ್ಲಿರಿಸಿದ್ದನು. ವೈರಿಗಳು ಪಾಳೆಯವನ್ನು ಬಿಟ್ಟು ಹೊರಬಂದಾಗ ಅವರು ಒಳನುಗ್ಗಿ ಆ ಬಾವುಟಗಳನ್ನು ನೆಟ್ಟರು. ನದಿಯನ್ನು ಮಾತ್ರ ನೆನೆದು ಈ ಸವಾರರನ್ನು ಮರೆಯುವವನು ಚಾವ್ ಕುವೊವಿನ ಶಿಷ್ಯನೇ ಸರಿ.

ಈ ಇಬ್ಬರಿಗೂ ಶಾಸ್ತ್ರ ಗೊತ್ತಿತ್ತು. ಒಬ್ಬನು ಶಾಸ್ತ್ರದಿಂದ ಸನ್ನಿವೇಶಕ್ಕೆ ಇಳಿದನು. ಮತ್ತೊಬ್ಬನು ಸನ್ನಿವೇಶವನ್ನು ತೂಗಿ, ಪರಸ್ಪರ ವಿರುದ್ಧವಾಗಿ ತೋರುವ ವಿಧಿಗಳಲ್ಲಿ ತಕ್ಕುದನ್ನು ಆರಿಸಿದನು. ನೀರಿಗೆ ಸ್ಥಿರವಾದ ಆಕಾರವಿಲ್ಲದಂತೆ ಯುದ್ಧಕ್ಕೂ ಸ್ಥಿರವಾದ ರೂಪವಿಲ್ಲವೆಂದು ಗ್ರಂಥವೇ ಆರನೆಯ ಅಧ್ಯಾಯದಲ್ಲಿ ಹೇಳಿರುವುದರಿಂದ, ಅದನ್ನು ಸೂತ್ರಸಂಗ್ರಹವಾಗಿ ಓದುವವನು ಅದಕ್ಕೆ ವಿರೋಧವಾಗಿ ಓದಿದಂತಾಯಿತು.

ಹಾಗೆಂದು ಗ್ರಂಥದಲ್ಲಿರುವುದೆಲ್ಲವೂ ಗ್ರಾಹ್ಯವೆಂದು ನಾವು ಹೇಳುವುದಿಲ್ಲ. ಹನ್ನೊಂದನೆಯ ಅಧ್ಯಾಯವು ಯೋಧರಿಗೆ ಏನನ್ನೂ ತಿಳಿಸದೆ ಕುರಿಮಂದೆಯಂತೆ ಅಟ್ಟಬೇಕೆನ್ನುತ್ತದೆ. ಸೇನಾಪತಿಯ ಐದು ಗುಣಗಳಲ್ಲಿ ವಿಶ್ವಾಸಾರ್ಹತೆಯನ್ನೂ ಕರುಣೆಯನ್ನೂ ಎಣಿಸಿದ ಗ್ರಂಥದಲ್ಲಿಯೇ ಈ ಮಾತೂ ಇದೆ. ಇದನ್ನು ವ್ಯಾಖ್ಯಾನದಿಂದ ಮೃದುಗೊಳಿಸುವುದು ಪ್ರಾಮಾಣಿಕತೆಯಲ್ಲ. ಕಾರ್ಖಾನೆಯಲ್ಲಿಯೋ ಕಚೇರಿಯಲ್ಲಿಯೋ ಜೊತೆಗೆ ದುಡಿಯುವವರ ಮೇಲೆ ಇದನ್ನು ಪ್ರಯೋಗಿಸುವುದು ಅನ್ಯಾಯ. ಯುದ್ಧವನ್ನು ವಂಚನೆಯ ಮಾರ್ಗವೆಂದು ಸುನ್ ತ್ಸು ಕರೆದುದು ಶತ್ರುವನ್ನು ಕುರಿತು. ಗಿರಾಕಿಯನ್ನೂ ನೆರೆಯವನನ್ನೂ ಶತ್ರುವೆಂದು ಭಾವಿಸಿ ಆ ಮಾರ್ಗವನ್ನು ಹಿಡಿಯುವವನಿಗೆ ಗ್ರಂಥದ ಅನುಮತಿಯಿಲ್ಲ.

ಆದಕಾರಣ ಈ ಗ್ರಂಥವನ್ನು ಪಾಠ ಹೇಳುವ ಅಧ್ಯಾಪಕರು ಒಂದೊಂದು ವಿಧಿಯ ಬಳಿಯೂ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ: ಇದು ಯಾವ ಪರಿಸ್ಥಿತಿಗೆ ಹೇಳಿದ ಮಾತು? ಇದಕ್ಕೆ ಎದುರಾದ ವಿಧಿ ಗ್ರಂಥದಲ್ಲಿ ಎಲ್ಲಿದೆ? ಇದನ್ನು ನಡೆಸಿದರೆ ವೆಚ್ಚವನ್ನು ತೆರುವವರು ಯಾರು? ಚಾಂಗ್‌ಪಿಂಗ್‌ನಲ್ಲಿ ಅದನ್ನು ತೆತ್ತವರು, ಆ ಗ್ರಂಥಗಳನ್ನು ಎಂದೂ ಓದಿರದ ಸಾಮಾನ್ಯ ಯೋಧರು.