ಬಾಯಿಬಿಡದ ಮನೆಯ ಕತೆ

ಮುರುಗಮಲ್ಲದ ದರ್ಗಾದಲ್ಲಿ ಮನೆಯೊಳಗಿನ ಸಂಕಟ ತೋಡಿಕೊಳ್ಳಲು ಬಂದವರನ್ನು ಕಂಡಾಗಲೆಲ್ಲ ನನಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೆನಪಾಗುತ್ತದೆ. 2013ರಲ್ಲಿ ಬಂದ, ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ಈ ಪುಟ್ಟ ಕೃತಿಯಲ್ಲಿ ಪತ್ತೇದಾರನಿಲ್ಲ. ಆದರೂ ಎದೆ ಢವಢವಗುಟ್ಟುತ್ತದೆ. ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಕಂಡ ಮನೆ. ಕತೆ ಹೇಳುವವನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರುತ್ತಾಳೆ, ಅವನಿಗೆಂದೇ ಮಾಡಿದ ಬೇಳೆಸಾರು ಹಿಡಿದು. ಮನೆಯ ಹೆಂಗಸರು ಬೈದು ಅಟ್ಟುತ್ತಾರೆ, ಸಾರು ಚೆಲ್ಲುತ್ತದೆ, ಚಿಕ್ಕಪ್ಪ ಹೊರಗೆ ಬರುವುದೇ ಇಲ್ಲ. ಅಲ್ಲಿ ನನಗೆ ಉಸಿರು ಕಟ್ಟಿತು. ಅನ್ಯಾಯ ಕಂಡೂ ಸುಮ್ಮನಿದ್ದವನ ಬಾಯಿಂದಲೇ ಕತೆ ಹೇಳಿಸಿದ್ದು ಶಾನಭಾಗರ ದೊಡ್ಡ ಸಾಧನೆ. ಇದನ್ನು ಪ್ರಶ್ನಿಸಿದ ಮನೆಯ ಸೊಸೆ ಅನಿತಾ ಏನಾದಳೆಂದು ಅವರು ಬಿಡಿಸಿ ಹೇಳುವುದಿಲ್ಲ. ಮತ್ತೊಮ್ಮೆ ಓದಿ ನೋಡಿ, ಮನೆಮಂದಿ ಕೂತು ಆಡುವ ಹಗುರ ಮಾತೂ ನಡುಕ ಹುಟ್ಟಿಸುತ್ತದೆ.